ಹಿಂದೂ ನೀರಿನ ಹಣಮಂತಾಚಾರಿ

ದಂಡೋತಿಯ ಗುಂಡಾಚಾರ್ಯರು ಕಾಗಿಣಾ ನದಿಯಿಂದ ದೇವರ ಅಭಿಷೇಕಕ್ಕೆ ನಲವತ್ತು ವರ್ಷ ನೀರು ಹೊತ್ತವರು. ಹೊಳೆ ಊರೊಳಗೆ ನುಗ್ಗಿದ ವರ್ಷವೂ ಎದೆಮಟ್ಟದ ಕೆಂಪು ನೀರಿನಲ್ಲಿ ಹೋಗಿ ಕೊಡ ತುಂಬಿ ತಂದವರು. ಅವರ ಮಗ ಭೀಮಾಚಾರ್ಯರು ಬರ ಬಿದ್ದಾಗ ಚಿತ್ತಾಪುರದ ದಾರಿಯಲ್ಲಿ ಅರವಟ್ಟಿಗೆ ಇಟ್ಟು, ಬತ್ತಿದ ಬಾವಿಗೆ ತಾವೇ ಇಳಿದು ಹೂಳೆತ್ತಿದವರು. ಇಂಥ ಮನೆತನದ ಹಣಮಂತಾಚಾರಿ ವಾಡಿ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ನೀರು ಹಾಕುವ ನೌಕರಿ ಹಿಡಿದದ್ದರಲ್ಲಿ ಅಚ್ಚರಿಯೇನು?

ನಿಜಾಮರ ಆ ಕಾಲದಲ್ಲಿ ನೀರಿಗೂ ಜಾತಿಯಿತ್ತು. ಹಿಂದೂ ನೀರು ಆಚಾರಿಯ ಹಿತ್ತಾಳೆ ಕೊಡದಲ್ಲಿ, ಮುಸಲ್ಮಾನ ನೀರು ಶೌಕತ ಅಲಿಯ ಚರ್ಮದ ಮಶಕದಲ್ಲಿ. ಬಾವಿ ಮಾತ್ರ ಒಂದೇ.

ಆಚಾರಿಯ ಎಡಭುಜದ ಮೇಲೆ ಕೊಡ, ಬಲಗೈಯಲ್ಲಿ ತಂಬಿಗೆ, ಕಚ್ಚೆಯ ಮೇಲೆ ರೈಲಿನವರು ಕೊಟ್ಟ ಕರಿ ಕೋಟು. ಕೋಟಿನ ಎಡಭುಜ ತೇಪೆಯ ಮೇಲೆ ತೇಪೆ ಹೊತ್ತಿದ್ದರೆ ಬಲಭುಜ ಹೊಚ್ಚ ಹೊಸದರಂತಿತ್ತು. ಬಲಕ್ಕೆ ವಾಲಿ ರೈಲಿನ ಡಬ್ಬಿಯಿಂದ ಡಬ್ಬಿಗೆ ಓಡಿದರೂ ಹನಿ ತುಳುಕುತ್ತಿರಲಿಲ್ಲ. ಪ್ರತಿಯೊಬ್ಬರ ಬೊಗಸೆಗೂ ಒಂದೇ ಮಾತು: “ನಿಧಾನ ಕುಡೀರಿ, ನೀರು ಎಲ್ಲಿ ಓಡಿ ಹೋಗಂಗಿಲ್ಲ.”

“ಗಾಡಿ ಹೋಗ್ತದಲ್ಲೋ ಆಚಾರಿ!”

“ಹೆಂಗ ಹೋಗ್ತದ್ರಿ? ಗಾರ್ಡ್ ಸಾಹೇಬರಿಗೆ ಇನ್ನಾ ನೀರು ಹಾಕಿಲ್ಲ!”

ಮಹಾಯುದ್ಧದ ನಡುವಿನ ಒಂದು ವೈಶಾಖದಲ್ಲಿ, ಮದ್ರಾಸ್ ಮೇಲ್ ಎದುರಿಗೆ, ಆತ ಕೊಡವನ್ನು ನೆಲಕ್ಕಿಟ್ಟು ಎದೆ ಹಿಡಿದುಕೊಂಡು ಕುಳಿತ. ನೋವು ಎಡಗೈಗೆ ಇಳಿದು ದವಡೆಗೆ ಏರಿತ್ತು. ಮೈಯೆಲ್ಲ ತಣ್ಣನೆ ಬೆವರು. ಕೊಡ ಹೊತ್ತು ಭುಜದ ನರ ಹಿಡಿದಿದೆ ಎಂದರು, ವಾಯು ಎಂದರು. ಎಳ್ಳೆಣ್ಣೆ ತಿಕ್ಕಿದರು, ಇಂಗು ಕುಡಿಸಿದರು. ಪಕ್ಕದ ಕಟ್ಟೆಯಲ್ಲಿ ಎಲೆ ಅಡಿಕೆ ಮಾರುತ್ತಿದ್ದ ನಾನೂ ಓಮಿನ ಕಾಳು ಕೊಟ್ಟು ಜಾಣನೆನಿಸಿಕೊಂಡೆ. ಮೂರು ದಿನದ ಮೇಲೆ ರೈಲ್ವೆ ಡಾಕ್ಟರು ಬಂದು, ಗುಂಡಿಗೆಯ ಒಂದು ಭಾಗ ರಕ್ತವಿಲ್ಲದೆ ಸತ್ತಿದೆ, ಆರು ವಾರ ಹಾಸಿಗೆ ಬಿಟ್ಟೇಳಬಾರದು ಎಂದರು.

“ಮೂವತ್ತೆರಡೂ ತುಂಬಿಲ್ರಿ. ಮುದುಕರ ಬ್ಯಾನಿ ಇವರಿಗೆ ಹೆಂಗ ಬಂತು?” ಎಂದು ಹೆಂಡತಿ ಲೀಲಾಬಾಯಿ ಕೇಳಿದಳು.

ಬದಲಿ ಆಳು ಸಿಗಲಿಲ್ಲ. ಗಂಟಲು ಒಣಗಿದ ಜನ ಶೌಕತನ ಮಶಕ ನೋಡಿ ಮುಖ ತಿರುವಿಕೊಂಡು ಹೋಗುತ್ತಿದ್ದರು. ಕೂಸಿನ ತಾಯಿಯೊಬ್ಬಳು ಹಾಗೇ ನೀರು ಕುಡಿಯದೆ ಹೋದಳೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹದಿನಾರನೆಯ ದಿನ ಆಚಾರಿ ಎದ್ದ. ಲೀಲಾಬಾಯಿ ಬಾಗಿಲಿಗೆ ಅಡ್ಡ ನಿಂತಳು: “ಊರ ಮಂದಿಗೆ ನೀರು ಕುಡಿಸಿ ನನ್ನ ಕುಂಕುಮ ಅಳಸ್ತೀರೇನು?” ಆತ ತಲೆ ತಗ್ಗಿಸಿ ಅವಳ ಪಕ್ಕದಿಂದಲೇ ನುಸುಳಿ ಬಂದ.

ಆದರೆ ಓಟ ಹೋಗಿತ್ತು. ಪಾದ ಬಾತಿದ್ದವು. ಹತ್ತು ಹೆಜ್ಜೆಗೊಮ್ಮೆ ನಿಂತು, ದಣಿವು ತೋರಗೊಡದೆ, ಸಿಗ್ನಲ್ ಬಿದ್ದಿದೆಯೋ ಇಲ್ಲವೋ ಎಂದು ನೋಡುವವನಂತೆ ದೂರ ದಿಟ್ಟಿಸುತ್ತಿದ್ದ. ಆಷಾಢ ದಾಟಲಿಲ್ಲ; ಹೋಗಿಬಿಟ್ಟ.

ಇಂಥವರನ್ನು ಹಟಮಾರಿಗಳೆಂದು ಬೈಯುವುದು ಸುಲಭ. ನನಗೆ ಕಂಡಂತೆ, ತಮ್ಮ ನೇಮಕ್ಕೆ ಸತ್ತವರು ಕಡಿಮೆ. ಕಂಡವರ ನೇಮವನ್ನು ತಮ್ಮ ಹೆಗಲ ಮೇಲೆ ಹೊತ್ತು ಸತ್ತವರೇ ಹೆಚ್ಚು. ಆತ ಹೋಗುವ ಎಂಟು ದಿನ ಮೊದಲು, ನಡುಹಗಲಲ್ಲಿ, ಗಾಡಿ ಬಂದು ನಿಂತಿತ್ತು. ಆಚಾರಿ ಅರ್ಧ ದಾರಿಯಲ್ಲೇ ಉಸಿರು ಸಿಗದೆ ನಿಂತ. ಶೌಕತ ಅಲಿ ಓಡಿ ಬಂದು ಕೈಚಾಚಿದ.

“ಕೊಡ ಇತ್ಲಾಗ ಕೊಡೋ ಆಚಾರಿ. ಡಬ್ಬಿತನಾ ನಾ ಹೊರತೀನಿ, ಅಲ್ಲಿಂದ ನೀ ಹಾಕು. ಸಾಯಬ್ಯಾಡ ಮಾರಾಯಾ.”

ಆಚಾರಿ ಕೊಡವನ್ನು ಆಚೆ ಸರಿಸಿ, ಅವನಿಗೂ ಪಕ್ಕದ ಕಟ್ಟೆಯ ನನಗೂ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದ: “ಎದಿ ಹಿಡದ ದಿನ ನಿನ್ನ ಮಶಕದ ನೀರು ನಾ ಕುಡದೀನಿ ಶೌಕತ, ಭಾಳ ತಂಪಿತ್ತು. ಈ ಗಾಡಿ ಮಂದಿ ಕುಡಿಯಂಗಿಲ್ಲೋ. ನೀ ಮುಟ್ಟಿದ್ರ ತುಂಬಿದ ಕೊಡಾನೂ ಖಾಲಿ. ಬ್ಯಾಡ, ಸರಿ ಆಕಡೆ, ನಾನೇ ಒಯ್ತೀನಿ.”