ಹೆಗಲೆಣ್ಣೆ

ಗುಳುಗುಳು ಅಂದದ್ದು ಎಣ್ಣೆಯೋ ಮೇಲಿನ ಮನೆಯ ನಲ್ಲಿಯೋ, ಉಜ್ಜನಪ್ಪ ಬಾಣಲೆಯ ಮೇಲೆ ಬಗ್ಗಿ ನೋಡಿದ, ಎಣ್ಣೆಯೇ, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ಸೊಪ್ಪು ತನ್ನ ಹಸಿರನ್ನು ಬಿಡತೊಡಗಿದೆ, ಕುದಿಯಬಾರದು, ಕುದ್ದರೆ ಕೆಟ್ಟಿತು, ಉರಿ ಬಾಣಂತಿ ಕೋಣೆ ದೀಪದಂಗೆ ಇರ್ಬೇಕು ತಮ್ಮಾ ಅನ್ನುತ್ತಿದ್ದ ಅಪ್ಪ, ಅಪ್ಪನಿಗೇನು, ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ, ಸೌದೆಯನ್ನು ಒಂದು ಗೇಣು ಹಿಂದಕ್ಕೆಳೆದರೆ ಉರಿ ತಾನೇ ತಗ್ಗುತ್ತಿತ್ತು, ಇದು ನಿಟ್ಟುವಳ್ಳಿಯ ಬಾಡಿಗೆ ಮನೆಯ ಗ್ಯಾಸು, ತಿರುವಿದರೆ ಭುಗ್ ಅನ್ನುತ್ತದೆ, ಇಲ್ಲವೇ ಆರಿಯೇ ಹೋಗುತ್ತದೆ, ನಡುವೆ ಅಂಬುದೇ ಇಲ್ಲ — ಹರಳೆಣ್ಣೆ, ಲಕ್ಕಿಸೊಪ್ಪು, ಭಂಗಿಸೊಪ್ಪು, ಕೊನೆಗೆ ಜೇನುಮೇಣ, ಅಪ್ಪ ಇದನ್ನು ಹೆಗಲೆಣ್ಣೆ ಅನ್ನುತ್ತಿದ್ದ, ಕಬ್ಬಿನ ಗಾಡಿ ಎಳೆದೆಳೆದು ಹೆಗಲು ಬಾತ ಎತ್ತುಗಳಿಗೆ ಹಚ್ಚುವ ಮುಲಾಮು, ಸಂಜೆ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಎತ್ತು ತಾನಾಗಿ ನೊಗದ ಕಡೆ ಕತ್ತು ಚಾಚುತ್ತಿತ್ತು, ಆಗ ಯಾರೂ ಇದನ್ನು ಗಾಂಜಾ ಅನ್ನುತ್ತಿರಲಿಲ್ಲ, ಭಂಗಿ ಅಷ್ಟೆ, ತಿಪ್ಪೆಯ ಬದಿಗೆ ತುಂಬೆಯ ಹಾಗೆ, ಹರಳಿನ ಗಿಡದ ಹಾಗೆ ಎರಡು ಗಿಡ, ಈಗ ಹೆಸರು ಎತ್ತಬೇಕಾದರೂ ಕಿಟಕಿ ಹಾಕಬೇಕು, ಹಾಕಿದರೆ ಘಾಟೆಲ್ಲ ಒಳಗೆ ಅವಳ ಮಂಚದ ಹತ್ತಿರ ಹೋಗುತ್ತದೆ, ತೆಗೆದರೆ ಬೀದಿಗೆ — ಅರ್ಧ ತೆಗೆದಿಟ್ಟ. ಏನ್ರೀ ಅದು ವಾಸನೆ, ಯಾವುದೋ ಸಾಧು ಬಂದು ಅಡುಗೆಮನ್ಯಾಗೆ ಕುಂತಂಗೈತೆ, ಅಂದಳು ಕಸ್ತೂರಮ್ಮ ನಡುಮನೆಯಿಂದ, ಎಣ್ಣೆ ಕಾಸಾಕತ್ತೀನಿ ಸುಮ್ಕಿರು, ಎಂಥ ಎಣ್ಣೆ ಅಂತ ನಂಗೆ ಗೊತ್ತಿಲ್ವಾ, ಮಾವನೋರು ಕಾಸೋದು ನೋಡಿಲ್ವಾ ನಾನು, ಎತ್ತಿಗೆ ಹಚ್ಚೋದನ್ನ ಹೆಂಡ್ತಿಗೆ ಹಚ್ಚಿ ನಾಳೆ ನೊಗಕ್ಕೂ ಹೂಡ್ತೀರೇನೋ, ಹೂಡೋದಾದ್ರೆ ಜತೆಗೆ ಇನ್ನೊಂದು ಕುಂಟೆತ್ತು ನೋಡ್ಕಳ್ರಿ, ಅಂದು ನಕ್ಕಳು, ನಗು ಅರ್ಧಕ್ಕೆ ನಿಂತಿತು, ನಗು ಅರ್ಧಕ್ಕೆ ನಿಂತರೆ ಬಂತು ಅಂತ ಅರ್ಥ, ಉಜ್ಜನಪ್ಪ ಸೌಟು ಹಿಡಿದವನು ಹಾಗೇ ನಿಂತ, ಮಂಚದ ಕಬ್ಬಿಣದ ಪಟ್ಟಿ ಕಿರ್ ಅಂದಿತು, ಅವಳು ಅದನ್ನು ಹಿಡಿದುಕೊಂಡಿದ್ದಾಳೆ, ಕೂಗುವುದಿಲ್ಲ, ಕೂಗಿದ್ದರಾದರೂ ಏನೋ ಒಂದು ಮಾಡಬಹುದಿತ್ತು, ಕೂಗದೆ ಪಟ್ಟಿ ಹಿಡಿದುಕೊಳ್ಳುವವಳಿಗೆ ಏನು ಮಾಡುವುದು.

ಪಿ.ಜೆ. ಬಡಾವಣೆಯ ಡಾಕ್ಟರು ಒಳ್ಳೆಯವರೇ, ಕೂರಿಸಿ ಹೇಳಿದರು, ಯಜಮಾನ್ರೇ, ಕಾಲು ಹೋಗಿರೋದು ಮಿದುಳಿಗೆ ಇನ್ನೂ ಗೊತ್ತಾಗಿಲ್ಲ, ಇಲ್ಲದ ಕಾಲು ನೋಯೋದು ಬಹಳ ಜನಕ್ಕೆ ಇರುತ್ತೆ, ನಿಧಾನಕ್ಕೆ ಗೊತ್ತಾಗುತ್ತೆ, ಮಾತ್ರೆ ಬಿಡಬೇಡಿ — ಮಾತ್ರೆ ನುಂಗಿದರೆ ಅವಳಿಗೆ ಮಂಪರು ಬರುತ್ತದೆ, ನೋವು ಮಾತ್ರ ಎಚ್ಚರವಾಗಿಯೇ ಕೂತಿರುತ್ತದೆ — ಮಿದುಳಿಗೆ ಯಾರು ಹೇಳಬೇಕು, ಗದ್ದೆ ಬದುವಿನಲ್ಲಿ ಒಂದು ಜಾಲಿಮುಳ್ಳು ಚುಚ್ಚಿದ್ದು, ಮೈಯಲ್ಲಿ ಸಕ್ಕರೆ ಇತ್ತು, ಗಾಯ ಮಾಯಲಿಲ್ಲ, ಮೊದಲು ಬೆರಳು ಹೋಯಿತು, ಆಮೇಲೆ ಪಾದದ ಮುಂಭಾಗ, ಬೇಸಿಗೆಯಲ್ಲಿ ಮಂಡಿಯ ಮೇಲಕ್ಕೇ ಕತ್ತರಿಸಿದರು, ಎಡಗಾಲು, ಇಷ್ಟನ್ನೂ ನೋಡಿದ ಮಿದುಳಿಗೆ ಗೊತ್ತಾಗದಿದ್ದರೆ ಇನ್ನು ಉಜ್ಜನಪ್ಪ ಹೇಳಿದರೆ ಗೊತ್ತಾಗುತ್ತದೆಯೇ, ಮೊನ್ನೆ ಅವಳೇ ಕೇಳಿದಳು, ಇನ್ನೊಂಚೂರು ಮ್ಯಾಲಕ್ಕೆ ಕತ್ತರಿಸಿದ್ರೆ ಹೋಗ್ತೈತೇನ್ರೀ, ಉಪ್ಪು ಸಾಕಾ ನೋಡ್ರಿ ಅಂದಷ್ಟು ಸಲೀಸಾಗಿ ಕೇಳಿದಳು, ಅದಕ್ಕೇ ಎದ್ದು ಹರಿಹರದ ಬಸ್ಸು ಹತ್ತಿದ್ದು, ಹೊಳೆ ದಂಡೆಯಲ್ಲಿ ಎಮ್ಮೆ ಕಟ್ಟಿಕೊಂಡಿರುವ ಜಂಬಯ್ಯ, ಹಿಂದೆ ತಮ್ಮ ಮನೆಯಲ್ಲೇ ಗಾಡಿ ಹೊಡೆಯುತ್ತಿದ್ದವನು, ಅವನ ತಿಪ್ಪೆಯ ಹಿಂದೆ ಇನ್ನೂ ಗಿಡ ಏಳುತ್ತದೆ ಅಂತ ಕೇಳಿದ್ದ — ಎತ್ತಿಗೆ ಬೇಕಾಗಿತ್ತು ಜಂಬಣ್ಣ, ಎತ್ತು ಯಾವಾಗ ಕಟ್ಟಿದಿರಿ ಗೌಡ್ರೇ, ನಿಟ್ಟುವಳ್ಳ್ಯಾಗೆ ಎಲ್ಲಿ ಕಟ್ಟೀರಿ, ತಾರಸಿ ಮ್ಯಾಲಾ, ಅಂತ ಬಾಯಿ ತುಂಬ ನಗುತ್ತಾ ಉಜ್ಜನಪ್ಪನ ಮುಖ ನೋಡಿದವನು ನಗುವನ್ನು ನುಂಗಿಕೊಂಡ, ಅಮ್ಮಾರಿಗಾ, ಅಂದ, ಕುಡುಗೋಲು ತಗೊಂಡು ತಿಪ್ಪೆಯ ಹಿಂದೆ ಹೋದ, ಚೀಲದ ತಳಕ್ಕೆ ಸೊಪ್ಪು ತುಂಬಿ ಮೇಲೆ ಬದನೆಕಾಯಿ ಹಾಕಿಕೊಟ್ಟ, ಹಚ್ಚಿದ ಕೈನ ತೊಳ್ಕಳ್ರಿ ಗೌಡ್ರೇ, ಬಾಯಿಗೆ ತಾಗಿದ್ರೆ ನೀವು ಶಿವನ ಪಾದ ಕಾಣ್ತೀರಿ, ನೋವು ಅಲ್ಲೇ ಇರ್ತೈತೆ, ಅಂತ ಕೂಗಿ ಹೇಳಿದ, ಬಸ್ಸಿನಲ್ಲಿ ಬಂದು ಪಕ್ಕಕ್ಕೇ ಕೂರಬೇಕೆ ಒಬ್ಬ ಪೊಲೀಸು, ಚೀಲ ಉಜ್ಜನಪ್ಪನ ತೊಡೆಯ ಮೇಲೆ, ಬೆವರು ಬೆನ್ನಿನಲ್ಲಿ, ಹೆಂಗೆ ಸಿಕ್ತು ಬದ್ನೆಕಾಯಿ ಅಂತ ಕೇಳಿದ ಪೊಲೀಸು, ಹೊಲದ್ದು ಸಾರ್, ಅಂದ ಉಜ್ಜನಪ್ಪ, ಎಣ್ಣೆಗಾಯಿಗೆ ಚಲೋ ಅದಾವೆ ನೋಡಿ ಅಂತ ಪೊಲೀಸು ಒಂದನ್ನು ಎತ್ತಿ ತಿರುಗಿಸಿ ನೋಡಿ ಮತ್ತೆ ಚೀಲಕ್ಕೇ ಇಟ್ಟ, ಇನ್ನೊಂದು ಎತ್ತಿದ್ದರೆ, ಅದರ ಕೆಳಗಿನದನ್ನೂ ಎತ್ತಿದ್ದರೆ, ದಾವಣಗೆರೆ ಬರುವತನಕ ಉಜ್ಜನಪ್ಪ ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡೇ ಕೂತಿದ್ದ, ತೊಡೆಯ ಮೇಲೆ ತೂಕ, ಅಷ್ಟೇ ಅಗಲದ್ದು, ತಬ್ಬಿದ ಬಗೆಯೂ ಅದೇ —

ಅವಳ ಕಾಲನ್ನೂ ಹೀಗೇ ತೊಡೆಯ ಮೇಲೆ ಇಟ್ಟುಕೊಂಡು ಹೋದದ್ದು, ತಮ್ಮನ ಮಗ ಬಕ್ಕೇಶನ ಕಾರಿನಲ್ಲಿ, ಆಸ್ಪತ್ರೆಯವರನ್ನು ಬೇಡಿ ಇಸಗೊಂಡದ್ದು, ನನ್ನ ಕಾಲನ್ನ ಕಸದಾಗೆ ಹಾಕಾಕೆ ಬಿಡಬ್ಯಾಡ್ರಿ, ನಮ್ಮ ಹೊಲದಾಗೆ ಅತ್ತೆ ಪಕ್ಕ ಇಡ್ರಿ ಅಂತ ಒಳಗೆ ಕರೆದುಕೊಂಡು ಹೋಗುವ ಮುಂಚೆ ಕೈ ಹಿಡಿದು ಹೇಳಿದ್ದಳು, ಒಂದು ಕಾಲು ಅಷ್ಟು ಭಾರ ಇರುತ್ತದೆ ಅಂತ ಉಜ್ಜನಪ್ಪನಿಗೆ ಗೊತ್ತಿರಲಿಲ್ಲ, ಗುಂಡಿಯಲ್ಲಿ ತಿರುವಿನಲ್ಲಿ ಕಾರು ವಾಲಿದಾಗ ಮಲಗಿದ ಮಗುವಿನ ಹಾಗೆ ಅದೂ ವಾಲುತ್ತಿತ್ತು, ಕುಕ್ಕುವಾಡದ ಹೊಲದ ಮೂಲೆಯಲ್ಲಿ ಅಪ್ಪ ಅವ್ವನ ಸಮಾಧಿಯ ಪಕ್ಕ ಬಕ್ಕೇಶ ಗುಂಡಿ ತೋಡಿದ್ದ, ಅಯ್ನೋರು ತಲೆ ಕೆರೆದುಕೊಂಡರು, ಜೀವ ಹೋದ ಮೈಗೆ ಮಂತ್ರ ಐತಪ್ಪ, ಜೀವಂತ ಇರೋರ ಕಾಲಿಗೆ ನಾ ಎಲ್ಲಿಂದ ತರ್ಲಿ, ಆಮೇಲೆ ಅವರೇ ಯೋಚನೆ ಮಾಡಿ ಹೇಳಿದರು, ನಮ್ಮಲ್ಲಿ ಚಾಚಿ ಮಲಗಿಸೋ ಪದ್ಧತಿ ಇಲ್ಲ, ಕೂರಿಸಿ ಇಡೋದು, ಮುಂದೊಂದಿನ ಆ ತಾಯಿ ಪದ್ಮಾಸನ ಹಾಕಿ ಕೂರೋ ಹೊತ್ತಿಗೆ ಕಾಲು ಜತಿಗೆ ಕೂಡಿಕೊಳ್ಳಬೇಕಲ್ಲ, ಮಡಚಿ ಇಡು — ಮಡಚಿದ, ಮಂಡಿ ಬಗ್ಗಿತು, ಕೈ ಬಿಟ್ಟ ಕೂಡಲೇ ನಿಧಾನವಾಗಿ ಬಿಚ್ಚಿಕೊಂಡಿತು, ಮತ್ತೆ ಮಡಚಿದ, ಮತ್ತೆ ಬಿಚ್ಚಿಕೊಂಡಿತು, ಒಲ್ಲೆ ಅನ್ನುವ ಹಾಗೆ, ಬಕ್ಕೇಶ ಮುಖ ತಿರುಗಿಸಿಕೊಂಡ, ಆಗ ಉಜ್ಜನಪ್ಪ ಹೆಗಲ ಮೇಲಿನ ಕೆಂಪಂಚಿನ ಟವೆಲ್ಲು ತೆಗೆದು ಹಿಮ್ಮಡಿಯನ್ನು ತೊಡೆಗೆ ಒತ್ತಿ ಸುತ್ತಿ ಕಟ್ಟಿದ, ತಲೆ ಏನೂ ಯೋಚಿಸಲಿಲ್ಲ, ಕೈ ತನಗೆ ಗೊತ್ತಿದ್ದ ಗಂಟು ಹಾಕಿತು, ಲಾಳ ಕಟ್ಟಿಸುವಾಗ ಎತ್ತನ್ನು ಕೆಡವಿ ಕಾಲಿಗೆ ಬಿಗಿಯುವ ಗಂಟು, ಎಡತುದಿಯ ಮೇಲೆ ಬಲತುದಿ, ಒಳಗಿಂದ ಒಂದು ಸುತ್ತು, ಎಳೆ, ಎತ್ತು ಒದ್ದಷ್ಟೂ ಬಿಗಿಯಾಗುತ್ತಾ ಹೋಗುವ ಗಂಟು.

ಅವಳಿಗೆ ಯಾರೂ ಹೇಳಿಲ್ಲ, ಬಕ್ಕೇಶ ಲಿಂಗ ಮುಟ್ಟಿ ಹೇಳಿದ, ದೊಡ್ಡವ್ವಗೆ ನಾ ಯಾಕ ಹೇಳ್ಲಿ ದೊಡ್ಡಪ್ಪ, ಆದರೂ ಮನೆಗೆ ಬಂದು ಗಾಯ ಒಣಗುತ್ತಾ ಬಂದ ಹೊತ್ತಿಗೆ ಒಂದು ದಿನ ಮಜ್ಜಿಗೆ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು ಅಂದಳು, ರೀ, ಕಾಲು ಮಡಚಿಕೊಂಡು ಕುಂತೈತೆ, ಯಾವ ಕಾಲು, ಅದೇ, ಹೋಗಿದ್ದು, ಹಿಮ್ಮಡಿ ಬಂದು ತೊಡೆಗೆ ಹತ್ತೈತೆ, ಜೋಮು ಹಿಡಿದೈತೆ, ಯಾರೋ ಕಟ್ಟಿ ಹಾಕಿದಂಗೆ — ಉಜ್ಜನಪ್ಪನ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೆ ಹೋಗಲಿಲ್ಲ, ಅದು ಕಲ್ಪನೆ, ಡಾಕ್ಟರು ಹೇಳಿದ್ದಾರೆ, ಎಲ್ಲರಿಗೂ ಇರುತ್ತದೆ, ಎಲ್ಲರಿಗೂ ಮಡಚಿಯೇ ಇರುತ್ತದೆಯೇ, ಕೇಳಬೇಕಿತ್ತು, ಕೇಳಲಿಲ್ಲ, ಏನಂತ ಕೇಳುವುದು, ಆಮೇಲೆ ಭದ್ರಾ ನಾಲೆಗೆ ನೀರು ಬಿಟ್ಟರು, ನೀರು ಬಿಟ್ಟ ವಾರದಲ್ಲೇ ನೋವು ಹೆಚ್ಚಾಯಿತು, ಪಟ್ಟಿ ಹಿಡಿದುಕೊಳ್ಳಲು ಶುರುಮಾಡಿದ್ದು ಆಗಲೇ, ಒಂದಕ್ಕೊಂದು ಏನು ಸಂಬಂಧ ಅಂತ ತನಗೆ ತಾನೇ ಬೈದುಕೊಂಡು ಉಜ್ಜನಪ್ಪ ಊರಿಗೆ ಹೋಗಿ ಬದುವಿನ ಮೇಲೆ ನಿಂತು ನೋಡಿದ, ಗದ್ದೆಯ ನೀರು ಬದು ದಾಟಿ ಮೂಲೆಯ ತನಕ ನಿಂತಿತ್ತು, ಅಪ್ಪನ ಸಮಾಧಿಯ ಕಟ್ಟೆ ಮಾತ್ರ ಮೇಲೆ, ಉಳಿದದ್ದೆಲ್ಲ ಕೆಸರು, ಬಟ್ಟೆ ಒದ್ದೆಯಾದರೆ ಗಂಟು ಇನ್ನಷ್ಟು ಬಿಗಿಯುತ್ತದೆ ಅಂತ ಎತ್ತು ಕಟ್ಟಿದವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ — ಬಕ್ಕೇಶ, ಒಂಚೂರು ನೀರು ತಿರುಗ್ಸೋ, ಅಗೆದು ನೋಡಣ, ಏನ್ ನೋಡಣ, ಬಿಚ್ಚಿ ಇಡಣ ಕಣೋ, ದೊಡ್ಡಪ್ಪಾ, ತಲಿ ಸರಿ ಐತಾ ನಿಂದು, ಕಾಲು ಅಗೆದು ತೆಗ್ದ್ರೆ ಊರಾಗಿನೋರು ನಿನ್ನೇ ಕಟ್ಟಿ ಹಾಕ್ತಾರೆ, ಅಯ್ನೋರನ್ನು ಕೇಳಿದರೆ ಅವರದು ಒಂದೇ ಮಾತು, ಮುಚ್ಚಿದ ಮಣ್ಣು ಬಿಚ್ಚಂಗಿಲ್ಲ, ಬಿಚ್ಚಿದ್ರೆ ಇರೋ ಜೀವಕ್ಕೆ ಕೇಡು — ಇರುವ ಜೀವ, ಅದಕ್ಕೆ ಇದಕ್ಕಿಂತ ಇನ್ನೇನು ಕೇಡು, ಅನ್ನಬೇಕೆಂದಿದ್ದ, ಆದರೆ ಕೇಡು ಅಂಬುದಕ್ಕೆ ತಳ ಇರುವುದಿಲ್ಲ, ಅಗೆದು ಆಮೇಲೆ ಇವಳಿಗೆ ಏನಾದರೂ ಆದರೆ, ಅಗೆಯದೆ ಹೀಗೇ ಬಿಟ್ಟರೆ, ಎರಡು ಕಡೆಯೂ ತನ್ನದೇ ಕೈ, ತಲೆ ಅಲ್ಲಾಡಿಸಿ ವಾಪಸು ಬಂದ.

ಅಣ್ಣಾರೇ, ಅಂತ ಕಿಟಕಿಯ ಹೊರಗಿಂದ ಮೇಲಿನ ಮನೆಯ ಶಾಂತಲಾ, ಏನು ಹೊತ್ತಿಸಿದ್ರಿ, ಮಗೀನ ಬಟ್ಟೆಗೆಲ್ಲಾ ವಾಸನೆ ಹತ್ತೈತೆ, ಲಕ್ಕಿಸೊಪ್ಪಿನ ಎಣ್ಣೆ ಕಣಮ್ಮ, ನಿಮ್ಮತ್ತಿಗೆಗೆ, ಅಯ್ಯೋ ನಂಗೂ ಒಂದು ಬಾಟ್ಲಿ ಕೊಡ್ರಿ, ಸೊಂಟ ಹಿಡ್ಕಂಡೈತೆ, ಆಗ್ಲಮ್ಮ ಕೊಡಣ — ಇನ್ನು ಅವಳಿಗೆ ಬೇರೆ ಏನು ಕೊಡುವುದೋ — ಹೆಜ್ಜೆ ಸಪ್ಪಳ ಮೆಟ್ಟಿಲು ಹತ್ತಿ ಹೋಯಿತು, ಬಾಣಲೆ ಇಳಿಸಿ ಹಳೆ ಪಂಚೆಯ ಚೂರಿನಲ್ಲಿ ಸೋಸಿದ, ಸೊಪ್ಪು ಹಿಂಡಿದ, ಕೈಗೆ ಬಿಸಿ ತಾಗಿದರೂ ಬಿಡಲಿಲ್ಲ, ಕೊನೆಯ ಹನಿ ಇಳಿಯುವ ತನಕ ಹಿಂಡಬೇಕು, ಸತ್ವ ಇರೋದು ಕೊನೇ ಹನ್ಯಾಗೆ ಅನ್ನುತ್ತಿದ್ದ ಅಪ್ಪ, ಮೇಣ ಹಾಕಿ ಕದಡಿದ, ಕರಗಿತು, ಡಬ್ಬಿಗೆ ಹುಯ್ದ, ತಣ್ಣಗಾಗುತ್ತಾ ಎಳೆ ಹಸಿರಿನ ಕೆನೆ ಕಟ್ಟಿತು, ಅಪ್ಪನದು ಹೀಗೇ ಇರುತ್ತಿತ್ತು, ಇದೇ ಬಣ್ಣ, ಬೆರಳು ಅದ್ದಿದರೆ ಇದೇ ಜಿಗುಟು, ಒಂದು ಗಳಿಗೆ ಉಜ್ಜನಪ್ಪನಿಗೆ ಹೆಮ್ಮೆಯೇ ಆಯಿತು, ಮರೆತಿಲ್ಲ, ಕೈ ಮರೆತಿಲ್ಲ, ಕೈ ಯಾವುದನ್ನೂ ಮರೆಯುವುದಿಲ್ಲ, ಅದೇ ಅಲ್ಲವೇ ಆದದ್ದು — ಡಬ್ಬಿ ತಗೊಂಡು ಮಂಚದ ಅಂಚಿಗೆ ಕೂತ, ಅವಳ ಹಣೆಯ ಮೇಲೆ ಬೆವರು ಸಣ್ಣ ಮುತ್ತುಮುತ್ತಾಗಿ ನಿಂತಿದೆ, ವಿಭೂತಿ ತೊಯ್ದು ಕರಗಿದೆ, ಹಚ್ಚಲಾ, ಹಚ್ರಿ, ಸೀರೆ ಸರಿಸಿ ಮೊಂಡಿನ ತುದಿಗೆ ಮೆಲ್ಲಗೆ ಸವರಿದ, ಚರ್ಮ ಹೊಸದು, ಕೂಸಿನ ಕೆನ್ನೆಯ ಹಾಗೆ ನುಣುಪು, ಹೆಂಗೈತೆ, ತಂಪೈತೆ, ಆದ್ರೆ ಅಲ್ಲಿ ನೋವಿಲ್ರೀ, ಕೆಳಗೆ, ಕೆಳಗೆ ಎಲ್ಲಿ ಕಸ್ತೂರಿ, ಕೆಳಗೆ, ಇನ್ನೂ ಕೆಳಗೆ, ಹಿಮ್ಮಡಿ ಮ್ಯಾಗೆ — ಅಂಗೈ ಮೊಂಡನ್ನು ದಾಟಿ ಹಾಸಿಗೆಗೆ ಇಳಿಯಿತು, ಉಜ್ಜನಪ್ಪ ಒಂದು ಸಲ ಅವಳ ಮುಖ ನೋಡಿದ, ಅವಳು ಕಣ್ಣು ಮುಚ್ಚಿದ್ದಳು, ಉಜ್ಜಿದ, ಹಾಸಿಗೆಯ ಹೂವು ಎಣ್ಣೆಗೆ ಕಪ್ಪಾಯಿತು, ಇನ್ನೂ ಉಜ್ಜಿದ, ಅಪ್ಪಾ, ನಿನ್ನ ಎತ್ತಿಗೆ ಹೆಗಲಿತ್ತು, ನೀನು ಎಲ್ಲಿ ಹಚ್ಚಬೇಕೋ ಅಲ್ಲಿ ಹಚ್ಚಿದೆ, ನಾನು ಎಲ್ಲಿ ಹಚ್ಚಲಿ.

ರೀ, ಅಂದಳು ಕಣ್ಣು ತೆಗೆಯದೆ, ಹೆಂಗಿಟ್ರಿ ಅದನ್ನ, ಯಾವುದನ್ನ, ನನ್ನ ಕಾಲನ್ನ, ನೀ ಹೇಳಿದ ಕಡೀಗೇ ಇಟ್ಟೀನಿ, ಅವ್ವನ ಪಕ್ಕ, ಎಲ್ಲಿ ಅಂತಲ್ಲ ಕೇಳಿದ್ದು, ಹೆಂಗೆ — ಎಣ್ಣೆಯ ಕೈ ಹಾಸಿಗೆಯ ಮೇಲೆ ನಿಂತಿತು, ಹೇಳಿಬಿಡಬೇಕು, ಹೇಳಿದರೆ ನೋವಿಗೆ ಒಂದು ಹೆಸರು ಸಿಗುತ್ತದೆ, ಆ ಹೆಸರು ತನ್ನದು, ಹೇಳದಿದ್ದರೆ ಯಾರೋ ಕಟ್ಟಿದ್ದಾರೆ ಅಂತ ಅಂದುಕೊಂಡಾದರೂ ಇರುತ್ತಾಳೆ, ಯಾರೋ — ಚಲೋ ಇಟ್ಟೀನಿ ಕಸ್ತೂರಿ, ಪದ್ಧತಿ ಪ್ರಕಾರ ಇಟ್ಟೀನಿ, ಅಂದ, ಪದ್ಧತಿ ಅಂದ ಕೂಡಲೇ ಅವಳು ಕಣ್ಣು ಬಿಟ್ಟಳು, ಅತ್ತೆಯನ್ನು ಗುಂಡಿಯಲ್ಲಿ ಕಾಲು ಮಡಚಿ ಕೂರಿಸಿದ್ದನ್ನು ನೋಡಿದವಳು, ಮಾವನನ್ನು ಕೂರಿಸುವಾಗ ವಿಭೂತಿ ಎತ್ತಿ ಕೊಟ್ಟವಳು, ಅವನ ಕೈಯನ್ನೇ ನೋಡುತ್ತಾ ಅಂದಳು, ಹಂಗಾದ್ರೆ ಬಿಚ್ರಿ. ಏನನ್ನ ಕಸ್ತೂರಿ. ನೀವು ಕಟ್ಟಿದ್ದನ್ನ — ಉಜ್ಜನಪ್ಪ ಎರಡೂ ಕೈಯನ್ನು ಮೊಂಡಿನ ಆಚೆ ಹಾಸಿಗೆಯ ಮೇಲೆ ಒಯ್ದ, ಎಲ್ಲಿ ಇರಬೇಕೋ ಅಲ್ಲಿ, ಗಾಳಿಯಲ್ಲಿ, ಬೆರಳು ಆಡಿಸಿದ, ಹೆಬ್ಬೆರಳಿನಿಂದ ಒತ್ತಿದ, ತೋರುಬೆರಳಿನ ಉಗುರು ಒಳಗೆ ಹಾಕಿದ, ಸಿಗಲಿಲ್ಲ, ಜಾರಿತು, ಎಣ್ಣೆಯ ಕೈ, ಆತಾ, ಅಂದಳು, ಇಲ್ಲ, ಇನ್ನೊಂಚೂರು, ಜಗ್ಗಬ್ಯಾಡ್ರಿ ಜಗ್ಗಬ್ಯಾಡ್ರಿ, ಅಂತ ಪಟ್ಟಿ ಹಿಡಿದಳು, ಇಲ್ಲಾ ಜಗ್ಗಲ್ಲ, ಜಗ್ಗಿದರೆ ಬಿಗಿಯುತ್ತದೆ, ಮೆಲ್ಲಗೆ, ಎಡತುದಿಯ ಮೇಲೆ ಬಲತುದಿ ಅಲ್ಲವೇ ಹಾಕಿದ್ದು, ಹಾಗಾದರೆ ಬಲತುದಿಯನ್ನು ಮೊದಲು, ಒಳಗಿಂದ ಒಂದು ಸುತ್ತು, ಎಲ್ಲಿ ತುದಿ, ತುದಿ ಎಲ್ಲಿ, ಕೆಸರಿನಲ್ಲಿ ತುದಿ ಕಾಣುವುದಿಲ್ಲ, ಆತೇನ್ರೀ, ಇಲ್ಲ ಕಸ್ತೂರಿ, ಕೆಂಪಂಚು, ಒದ್ದೆ, ಉಗುರು ಹೋಗದಷ್ಟು ಸಣ್ಣಗೆ, ಹುಣಿಸೆ ಬೀಜದಷ್ಟು, ಕಲ್ಲಿನಂಗೆ, ಗಂಟು, ಒದ್ದೆ ಗಂಟು, ಒದ್ದಷ್ಟೂ — ಗಂಟು —