ಬಚ್ಚಲಲ್ಲಿ ನೀರಿನ ಸದ್ದು

ಪ್ಲಗ್ಗು ಕಿತ್ತವನು ಪೆಟ್ಟಿಗೆಯವನು. ಹೆಣ ಕೆಡದಂತೆ ಇಡುವ ತಂಪುಪೆಟ್ಟಿಗೆಯನ್ನು ನಾಲ್ಕು ಜನರ ಕೈಯಲ್ಲಿ ಹಜಾರಕ್ಕೆ ಹೊರಿಸಿಕೊಂಡು ಬಂದವನೇ ಗೋಡೆ ತಡಕಿದ. ಬಚ್ಚಲ ಬಾಗಿಲ ಪಕ್ಕದ ಪ್ಲಗ್ಗಿನಲ್ಲಿದ್ದ ಸಣ್ಣ ವಯರನ್ನು ಎಳೆದು ಬಿಸಾಕಿ ತನ್ನ ದಪ್ಪ ವಯರನ್ನು ತೂರಿಸಿದ. ಪೆಟ್ಟಿಗೆ ಒಮ್ಮೆ ನಡುಗಿ ಶುರುವಾಯಿತು. ಬಚ್ಚಲೊಳಗಿನ ಗುಂಯ್ ಎಂಬ ಸದ್ದು ನಿಂತಿತು.

ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದ ದರ್ಜಿಯ ಹೆಂಡತಿ ತಲೆ ಎತ್ತಿದಳು. ಬೆಳಗಿನಿಂದ ಯಾರು ಸಮಾಧಾನ ಹೇಳಿದರೂ ಎತ್ತದಿದ್ದ ತಲೆ.

"ಅದನ್ಯಾಕೆ ಕಿತ್ರಿ?"

"ಇರೋದು ಒಂದೇ ಪ್ಲಗ್ಗಮ್ಮ. ಎರಡೂ ಸೇರಿಸಿದ್ರೆ ಫ್ಯೂಸ್ ಹೋಗುತ್ತೆ. ಮಗಳು ಬರೋ ತನಕ ಇವರನ್ನ ಇಟ್ಕೋಬೇಕಲ್ಲ."

ನ್ಯಾಯವಾದ ಮಾತೇ. ಮನೆಯಲ್ಲಿ ಇನ್ನೊಂದು ಪ್ಲಗ್ಗು ಇತ್ತು, ಇಸ್ತ್ರಿಪೆಟ್ಟಿಗೆಯ ಕಾವಿಗೆ ಎಂದೋ ಸುಟ್ಟುಹೋಗಿತ್ತು. ಬರುವ ಭಾನುವಾರ ಸರಿಮಾಡಿಸ್ತೀನಿ ಎಂದು ದರ್ಜಿ ಹೇಳುತ್ತಲೇ ಬಂದಿದ್ದ. ಅವನ ಭಾನುವಾರಗಳನ್ನೆಲ್ಲ ಹೊಳೆ ತಿಂದುಹಾಕಿತ್ತು. ಇವತ್ತೂ ಭಾನುವಾರವೇ.

ಪೆಟ್ಟಿಗೆಯವನು ಮೊದಲೇ ಫೋನಿನಲ್ಲಿ ಎಷ್ಟುದ್ದ ಇದ್ದರು ಎಂದು ಕೇಳಿದ್ದ. ಊರಿನ ಸೊಂಟ, ಭುಜ, ತೋಳೆಲ್ಲ ಅಳೆದವನ ಅಳತೆ ಯಾರ ಹತ್ತಿರವೂ ಇರಲಿಲ್ಲ.

ಅವಳು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂಲೆಯಲ್ಲಿ ನೀಲಿ ಬಕೆಟ್ಟು. ಅದರೊಳಗೆ ಬೆರಳುದ್ದದ ಏಳೆಂಟು ಮೀನುಗಳು, ದೊಡ್ಡ ಮೀನು ಹಿಡಿಯಲು ಗಾಳಕ್ಕೆ ಬೆನ್ನು ಚುಚ್ಚಿ ಜೀವಂತ ಸಿಕ್ಕಿಸುವ ಎರೆ. ಗಾಳಿ ಊದುವ ಪುಟ್ಟ ಪಂಪು ನಿಂತದ್ದೇ ತಡ, ಒಂದೊಂದಾಗಿ ಮೇಲೆ ಬಂದು ಬಾಯಿ ಕಳೆಯತೊಡಗಿದ್ದವು. ಅವಳು ಮಗ್ಗು ತೆಗೆದುಕೊಂಡಳು. ಬಕೆಟ್ಟಿನ ನೀರನ್ನೇ ಮೊಗೆದು, ಕೈ ಎತ್ತರಕ್ಕೆ ಹಿಡಿದು, ಸಣ್ಣ ಧಾರೆಯಾಗಿ ಮತ್ತೆ ಬಕೆಟ್ಟಿಗೇ ಬಿಟ್ಟಳು. ಬೀಳುವ ನೀರು ಗಾಳಿಯನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಕೇಳಿ ಕೇಳಿ ಗೊತ್ತಿತ್ತು.

ಹೊರಗೆ ದರ್ಜಿಯ ಅಕ್ಕ ಪಿಸುಗುಟ್ಟುವುದು ಕೇಳಿಸಿತು. "ಎಷ್ಟು ಸಲ ಮುಖ ತೊಳ್ಕೋತಾಳೆ, ಪಾಪ. ಅತ್ತುಕೊಳ್ಳಲಿ ಬಿಡಿ."

ಅವಳು ಅಳುತ್ತಿರಲಿಲ್ಲ. ನಿನ್ನೆ ಅದೇ ಪ್ಲಗ್ಗು ಕಿತ್ತವಳು ತಾನು, ಎಲ್ಲ ಮುಗಿದ ಮೇಲೆ ಮತ್ತೆ ಸಿಕ್ಕಿಸಿದವಳೂ ತಾನೇ ಎಂಬುದು ಹೊರಗಿದ್ದ ಒಬ್ಬರಿಗೂ ಗೊತ್ತಿಲ್ಲವಲ್ಲ ಎಂದು ಯೋಚಿಸುತ್ತಿದ್ದಳು. ಈ ಮೀನುಗಳೂ ಸತ್ತುಹೋದರೆ ನಿನ್ನೆಯದು ಪೂರ್ತಿ ದಂಡವಾಗಿಬಿಡುತ್ತದೆ.

*

ಹೊಳೆದಂಡೆಯಲ್ಲಿ ಗಾಳ ಹಾಕಿ ಕೂರುವವರೆಲ್ಲ ಕೈ ಅಗಲಿಸಿ ಮೀನಿನ ಉದ್ದ ಹೇಳುವವರು. ಬೆಳಿಗ್ಗೆ ಗೇಣುದ್ದ ಇದ್ದದ್ದು ಸಂಜೆಗೆ ಮೊಳವಾಗಿ, ವಾರದೊಳಗೆ ಮಾರುದ್ದ ಬೆಳೆಯುತ್ತಿತ್ತು. ಸತ್ತ ಮೇಲೂ ಬೆಳೆಯುವ ಪ್ರಾಣಿ ಮೀನೊಂದೇ ಎಂದು ದರ್ಜಿ ನಗುತ್ತಿದ್ದ. ಅವನು ಮಾತ್ರ ಕತ್ತಿನಲ್ಲಿ ನೇತಾಡುವ ಟೇಪು ಎಳೆದು, ಬಾಯಿಂದ ಬಾಲದ ತನಕ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದ. ಅದಕ್ಕೇ ಅವನು ಟೇಪಣ್ಣ. ಮಾತು ಶುರು ಮಾಡಿದರೆ ನಿಲ್ಲುತ್ತಿರಲಿಲ್ಲ ಎಂಬುದೂ ಆ ಹೆಸರಿಗೆ ಒಂದು ಕಾರಣವೇ.

ಶನಿವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಹೊಳೆಗೆ ಹೋಗಿ ಸಣ್ಣ ಬಲೆ ಬೀಸಿ ಎರೆ ತರುತ್ತಿದ್ದ. ನಲ್ಲಿ ನೀರಿನ ಔಷಧಿಗೆ ಅವು ಸಾಯುತ್ತವೆ. ಹಾಗಾಗಿ ಶುಕ್ರವಾರವೇ ಒಂದು ಬಕೆಟ್ಟು ನೀರು ಹಿಡಿದು ಬಾಯ್ತೆರೆದು ಇಡಬೇಕು, ವಾಸನೆ ಹಾರಿಹೋಗಬೇಕು. ಮದುವೆಯಾದ ಹೊಸತರಲ್ಲಿ ಹೆಂಡತಿ ಅಕ್ಕರೆಯಿಂದ ಬಕೆಟ್ಟು ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದ್ದಳು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಅವನು ಬೈಯಲಿಲ್ಲ. "ಚೊಕ್ಕಟ ಜಾಸ್ತಿ ಆಯ್ತು ಕಣೇ, ಅವಕ್ಕೆ ಅಭ್ಯಾಸ ಇಲ್ಲ," ಎಂದನಷ್ಟೆ. ಬಲೆ ಹಿಡಿದು ಮತ್ತೆ ಹೊರಟ.

ಆಮೇಲೆ ಪಂಪು ಬಂತು. ವಾರಕ್ಕೊಂದು ದಿನ, ಒಂದು ರಾತ್ರಿ, ಮನೆ ತುಂಬ ಗುಂಯ್. ನನಗೆ ಸವತಿ ಒಬ್ಬಳಲ್ಲ, ಒಂದು ಬಕೆಟ್ಟು ತುಂಬ ಇದ್ದಾರೆ ಎಂದು ಅವಳು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಭಾನುವಾರ ಸಂಜೆ ಅವನು ಬರಿಗೈಯಲ್ಲಿ ಬಂದರೆ, ಎರೆ ತಿಂದ ಗಿರಾಕಿಗಳು ಬಟ್ಟೆ ಹೊಲಿಸಿಕೊಳ್ಳದೆ ಹೋದರಾ ಎಂದು ಚುಚ್ಚುತ್ತಿದ್ದಳು.

ನಿನ್ನೆ ಮಧ್ಯಾಹ್ನ ಅವಳಿಗೆ ತಲೆನೋವು. ಮಲಗಿದಲ್ಲಿಂದಲೇ ಕೂಗಿದಳು.

"ರೀ, ಆ ಗುಂಯ್ ಅನ್ನೋದನ್ನ ನಿಲ್ಲಿಸ್ರಿ. ತಲೆ ಸಿಡೀತಿದೆ. ಒಂದರ್ಧ ಗಂಟೆ."

"ಅದು ಅವುಗಳ ಉಸಿರು ಕಣೇ."

"ಇಲ್ಲಿ ನನ್ನ ಉಸಿರು ಹೋಗ್ತಿದೆ."

ಎದ್ದು ಬಂದು ಪ್ಲಗ್ಗು ಕಿತ್ತು ಮತ್ತೆ ಮಲಗಿದಳು. ಬಚ್ಚಲಲ್ಲಿ ಅವನು ಮಣೆ ಎಳೆದುಕೊಂಡ ಸದ್ದು, ಆಮೇಲೆ ಮಗ್ಗಿನಿಂದ ನೀರು ಬೀಳುವ ಸದ್ದು. ಒಂದೇ ಸಮ, ಹೊಲಿಗೆಯ ಹಾಗೆ. ಅದನ್ನು ಕೇಳುತ್ತ ಕೇಳುತ್ತ ಅವಳಿಗೆ ಎಷ್ಟೋ ದಿನದಿಂದ ಬಾರದಿದ್ದಂಥ ನಿದ್ದೆ ಬಂತು.

ಎಚ್ಚರವಾದಾಗ ತಲೆನೋವು ಇರಲಿಲ್ಲ. ನೀರಿನ ಸದ್ದೂ ಇರಲಿಲ್ಲ. ಅವನು ಮಣೆಯ ಮೇಲೆ ಗೋಡೆಗೊರಗಿ ಕೂತಿದ್ದ. ಮಗ್ಗು ಬಕೆಟ್ಟಿನಲ್ಲಿ ತೇಲುತ್ತಿತ್ತು.

*

ಮೋಟಾರು ಮೆಕ್ಯಾನಿಕ್ ಬಂದಾಗ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ಭಾನುವಾರ ಹೊಳೆದಂಡೆಯಲ್ಲಿ ದರ್ಜಿಯ ಪಕ್ಕದ ಕಲ್ಲು ಅವನದು. ಯಾರ ದನಿಯನ್ನಾದರೂ ಥೇಟ್ ಅನುಕರಿಸಿಬಿಡುವ ಗಂಟಲು. ಊರಿನ ಡಾಕ್ಟರರ ಕೆಮ್ಮಿನಿಂದ ಹಿಡಿದು ಹಳೇ ಸ್ಕೂಟರಿನ ಕೆಮ್ಮಿನವರೆಗೆ ಎಲ್ಲವೂ ಅದರಲ್ಲಿತ್ತು. ಇವತ್ತು ಅವನು ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಇಟ್ಟು ನಿಂತ. ಆಮೇಲೆ ಬಚ್ಚಲ ಬಾಗಿಲ ಹತ್ತಿರ ಗಂಡಸರ ಜೊತೆ ಕೂತ. ಟೇಪಿನ ಮಾತು ಬಂತು, ಮಾರುದ್ದದ ಮೀನುಗಳ ಮಾತು ಬಂತು. ಗಾಳಕ್ಕೆ ಸಿಕ್ಕಿಸುವಾಗ ಎರೆಯ ಹತ್ತಿರವೂ ಅಂಗಡಿಯ ಮಾತೇ ಆಡುತ್ತಿದ್ದನಂತಲ್ಲ ಎಂದು ಯಾರೋ ಕೇಳಿದರು. ದುಃಖದಲ್ಲಿದ್ದ ಮೆಕ್ಯಾನಿಕ್ಕಿಗೆ ಬಾಯಿ ತಡೆಯಲಾಗಲಿಲ್ಲ.

"ಬಾರಪ್ಪಾ, ಹೆದರ್ಬೇಡ. ಬೆನ್ನಿಗೆ ಒಂದೇ ಒಂದು ಕಾಜಾ, ಅಷ್ಟೆ. ಟ್ರಯಲ್ ನೋಡಿ ಹೇಳು, ಬಿಗಿ ಆದ್ರೆ ಸಡಿಲ ಮಾಡ್ಕೊಡ್ತೀನಿ."

ದನಿ ಪೂರ್ತಿ ದರ್ಜಿಯದೇ, ಸೂಜಿ ಕಚ್ಚಿಕೊಂಡು ಮಾತಾಡುವವನ ಆ ಒಂದು ಬದಿಯ ತುಟಿಯ ಸಮೇತ. ಇಬ್ಬರು ನಕ್ಕು, ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಬಚ್ಚಲೊಳಗಿನ ನೀರಿನ ಸದ್ದು ನಿಂತಿತು.

ಬಾಗಿಲು ತೆರೆಯಿತು. ಅವಳು ಸೀರೆಯ ಮುಂಭಾಗ ಒದ್ದೆ ಮಾಡಿಕೊಂಡು, ಮಗ್ಗು ಹಿಡಿದು ನಿಂತಿದ್ದಳು. ಹಜಾರದ ಒಂದೊಂದೇ ಮುಖ ನೋಡುತ್ತ ಬಂದು ಮೆಕ್ಯಾನಿಕ್ಕಿನ ಮುಖದ ಮೇಲೆ ಕಣ್ಣು ನಿಲ್ಲಿಸಿದಳು.

"ನೀನಾ," ಎಂದಳು.

ಅವನು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ಎದ್ದು ಅವಳ ಹಿಂದೆ ಬಚ್ಚಲಿಗೆ ಬಂದ. ಬಕೆಟ್ಟು ನೋಡಿದ, ಹೊರಗೆ ಬಿದ್ದಿದ್ದ ಸಣ್ಣ ವಯರು ನೋಡಿದ. ತನ್ನ ಗ್ಯಾರೇಜಿನಲ್ಲಿ ಬ್ಯಾಟರಿ ಪಂಪು ಇದೆ, ಐದು ನಿಮಿಷದಲ್ಲಿ ತರುತ್ತೇನೆ ಎಂದ. ಅವಳು ಬೇಡವೆಂದಳು. ಮತ್ತೆ ಮೊಗೆದು ಸುರಿಯತೊಡಗಿದಳು.

"ನಿನ್ನೆ ಪ್ಲಗ್ಗು ಕಿತ್ತಿದ್ದು ನಾನೇ," ಎಂದಳು, ನೀರಿನ ಸದ್ದಿನಡಿಯಲ್ಲಿ. "ಇದರ ಮುಂದೆ ಕೂತ್ಕೊಂಡೇ ಹೋಗ್ಬಿಟ್ರು. ನಾನು ನಿದ್ದೆ ಹೊಡೀತಿದ್ದೆ."

ಅವನು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅತ್ತಿಗೆ, ಹೊಳೆದಂಡೇಲೂ ಅವನು ಹಂಗೇ ಕೂರ್ತಿದ್ದ. ನನ್ನ ಬ್ಯಾಟರಿ ಪಂಪು ಓಡ್ತಿದ್ರೂ ಮಗ್ಗು ಕೆಳಗಿಡ್ತಿರಲಿಲ್ಲ. ಯಂತ್ರ ನಂಬಬಾರದು ಅಂತಿದ್ದ."

ಅವಳು ಅವನ ಮುಖ ನೋಡಿದಳು. ಗೇಣನ್ನು ಮೊಳ ಮಾಡಿ ಹೇಳುವವರ ಪೈಕಿ ಇವನೇ ದೊಡ್ಡವನು. ಈ ಮಾತು ಎಷ್ಟುದ್ದ ಇದ್ದದ್ದು ಎಷ್ಟುದ್ದ ಆಯಿತೋ. ಅಳೆದು ಹೇಳುವವನು ಗಾಜಿನಡಿ ಮಲಗಿದ್ದ.

"ಸಂಜೆ ಕೊಡಿ, ನಾನೇ ಹೊಳೆಗೆ ಬಿಟ್ಟು ಬರ್ತೀನಿ," ಎಂದ.

"ನಾಳೆ ಬೆಳಿಗ್ಗೆ ಬಾ. ನಾನೂ ಬರ್ತೀನಿ. ಅವರು ಕೂರ್ತಿದ್ದ ಕಲ್ಲು ನಾನು ಒಂದು ದಿನಾನೂ ನೋಡ್ಲಿಲ್ಲ."

*

ಮಗಳು ಬಂದಳು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮುಖ. ಗಾಜಿನ ಮೇಲೆ ಹಣೆ ಇಟ್ಟು ಅತ್ತಳು. ಎಲ್ಲರೂ ಅಪ್ಪನನ್ನು ಹೊತ್ತುಕೊಂಡು ಹೊರಟರು. ಪೆಟ್ಟಿಗೆಯವನು ದಪ್ಪ ವಯರು ಸುತ್ತಿಕೊಳ್ಳುವುದನ್ನೇ ಕಾದಿದ್ದವಳಂತೆ ತಾಯಿ ಸಣ್ಣ ವಯರನ್ನು ಸಿಕ್ಕಿಸಿ, ಗುಂಯ್ ಎಂಬುದು ಕಿವಿಗೆ ಬಿದ್ದ ಮೇಲೆಯೇ ಮೆಟ್ಟಿಲು ಇಳಿದಳು.

ಮಣ್ಣು ಮಾಡಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಬಂದವರೆಲ್ಲ ಚಪ್ಪಲಿ ಹುಡುಕಿಕೊಂಡು ಹೋದರು. ದರ್ಜಿಯ ಅಕ್ಕ ಚಾಪೆಗಳನ್ನು ಸುತ್ತಿಟ್ಟು, ಒಂದು ಲೋಟ ಚಹಾ ಕುಡಿಸಿ, ಅವಳೂ ಹೋದಳು. ಮನೆಯಲ್ಲಿ ತಾಯಿ, ಮಗಳು, ಪಂಪು.

ಮಗಳು ಅಪ್ಪನ ದಿಂಬಿಗೆ ಮುಖ ಹಚ್ಚಿ ಮಲಗಿದ್ದಳು. ಹೊರಳಿದಳು, ಮತ್ತೆ ಹೊರಳಿದಳು.

"ಅಮ್ಮಾ, ಅದೊಂದು ಸದ್ದು ನಿಲ್ಲಿಸ್ತೀಯಾ? ತಲೆ ಸಿಡೀತಿದೆ. ಒಂದರ್ಧ ಗಂಟೆ."

ಅವಳು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟಳು. ಕೈ ಪ್ಲಗ್ಗಿನ ತನಕ ಹೋಗಿ, ಹಿಂದೆ ಬಂದು, ಮತ್ತೆ ಹೋಯಿತು.

"ಆಯ್ತು ಕಣಮ್ಮ," ಎಂದಳು. "ಮಲಗು."

ಪ್ಲಗ್ಗು ಕಿತ್ತು ಮಣೆ ಎಳೆದುಕೊಂಡು ಕೂತಳು. ಗೋಡೆಯಲ್ಲಿ ಅವನು ಒರಗಿದ್ದ ಜಾಗ ಬೆನ್ನಿಗೆ ಬಂತು. ಮೊಗೆದಳು, ಎತ್ತಿದಳು, ಸುರಿದಳು. ಮೀನುಗಳು ಧಾರೆಯ ಬುಡಕ್ಕೆ ಬಂದು ಸೇರಿದವು. ಒಳಗಿನ ಹೊರಳಾಟ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ಮಗಳು ಉದ್ದುದ್ದ ಉಸಿರೆಳೆಯುವುದು ಕೇಳಿಸಿತು, ಥೇಟ್ ಅಪ್ಪನ ಹಾಗೆ.

ಅರ್ಧ ಗಂಟೆ ಯಾವಾಗಲೋ ಕಳೆದಿತ್ತು. ಪ್ಲಗ್ಗು ಕೈಗೆಟಕುವಷ್ಟು ಹತ್ತಿರವೇ ಇತ್ತು. ಮಗಳು ಇನ್ನೂ ಎದ್ದಿರಲಿಲ್ಲ.

ಬಲಗೈ ಸೋತಾಗ ಅವಳು ಮಗ್ಗನ್ನು ಎಡಗೈಗೆ ಬದಲಿಸಿಕೊಂಡಳು, ನಡುವೆ ಸದ್ದು ನಿಲ್ಲದ ಹಾಗೆ.