ಬಿಟ್ಟು ಬಂದೆ

ವಕೀಲರ ಕಚೇರಿಯಲ್ಲಿ ಟೈಪಮ್ಮನಿಗೆ ಸಿಕ್ಕ ಜಾಗವೆಂದರೆ ಬೀರುವಿಗೂ ಗೋಡೆಗೂ ನಡುವಿನ ಸಂದಿ. ಅಲ್ಲಿ ಕೂತರೆ ಕಕ್ಷಿದಾರರ ಮುಖ ಕಾಣದು, ಮಾತು ಮಾತ್ರ ಕೇಳುತ್ತದೆ. ಹತ್ತೊಂಬತ್ತು ವರ್ಷ ಹಾಗೆ ಕೇಳಿ ಕೇಳಿ, ಯಾರು ಬುರುಡೆ ಬಿಡುತ್ತಿದ್ದಾರೆ, ಯಾರು ಹೇಳಬೇಕಾದ್ದನ್ನೇ ನುಂಗಿಕೊಂಡರು ಎನ್ನುವುದು ಅವಳಿಗೆ ದನಿಯಲ್ಲೇ ತಿಳಿಯುತ್ತಿತ್ತು. ಆದರೆ ಅವಳನ್ನು ಕೇಳುವವರು ಯಾರು? ಸಂಬಳ ಕೊಡುತ್ತಿದ್ದದ್ದು ಅವಳ ಬೆರಳಿಗೆ, ಕಿವಿಗಲ್ಲ.

ವಕೀಲರೋ ಮಾತಿನ ಮಲ್ಲ. ಕೋರ್ಟಿನಲ್ಲಿ ಎದ್ದು ನಿಂತರೆ ಗಂಟೆಗಟ್ಟಲೆ ನಿರರ್ಗಳ. ಕಚೇರಿಯಲ್ಲಿ ಮಾತ್ರ ಎರಡೇ ಪದ: 'ಗೊತ್ತಾಯ್ತು, ಮುಂದೆ.' ಎದುರಿಗಿದ್ದವರು ಬಾಯಿ ತೆರೆಯುವಷ್ಟರಲ್ಲಿ ಆ ಪುಣ್ಯಾತ್ಮರಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಹಿಂದೊಮ್ಮೆ ಟೈಪಮ್ಮ ಕಕ್ಷಿದಾರರ ಎದುರಿಗೇ ಅವರದೊಂದು ತಪ್ಪು ತಿದ್ದಿದ್ದಳು. ನಾಲ್ಕು ದಿನ ಅವರು ಅವಳೊಡನೆ ಮಾತು ಬಿಟ್ಟಿದ್ದರು. ಅಂದಿನಿಂದ ಇವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಆ ದಿನ ಬಂದವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಹೆಂಗಸು. ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು. ವಕೀಲರು ಇನ್ನೂ ಬಂದಿರಲಿಲ್ಲ. ಕಾಯುತ್ತ ಕೂತವಳು ಟೈಪಮ್ಮನ ಹತ್ತಿರ ಎಲ್ಲವನ್ನೂ ಹೇಳಿಕೊಂಡಳು. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷ. ಅವನು ಅವನ ತಾಯಿಯ ಮನೆಯಲ್ಲಿ, ಎಂಟು ವರ್ಷದ ಮಗಳು ಪುಟ್ಟಿ ಇವಳ ಜೊತೆ. ಬೆಳಿಗ್ಗೆ ಆರಕ್ಕೇ ಕೆಲಸ ಶುರು, ಹಾಗಾಗಿ ದಿನಾ ಪುಟ್ಟಿಯನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಹೋಗುವುದು. ಅಜ್ಜಿಯೇ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದಳು, ಸಂಜೆ ಇವಳು ಕರೆದುಕೊಂಡು ಬರುತ್ತಿದ್ದಳು. ಮೂರು ವಾರದ ಹಿಂದೆ ಒಂದು ಸಂಜೆ ಆ ಮನೆಯ ಬಾಗಿಲು ತೆರೆಯಲೇ ಇಲ್ಲ. ಇನ್ನು ಮಗು ಇಲ್ಲೇ ಇರುತ್ತದೆ ಎಂದು ಗಂಡ ಕಿಟಕಿಯಿಂದಲೇ ಹೇಳಿ ಕಳಿಸಿದ. ಇವಳಿಗೆ ಬೇಕಾದದ್ದು ಇಷ್ಟೇ, ಮಗಳು ವಾಪಸು ಬರಬೇಕು.

ವಕೀಲರು ಬಂದರು, ಗಡಿಯಾರ ನೋಡುತ್ತಲೇ ಬಂದರು. ಅವತ್ತು ಸಂಜೆ ವಕೀಲರ ಸಂಘದಲ್ಲಿ ಹೊಸಬರಿಗೆ ಅವರ ಉಪನ್ಯಾಸವಿತ್ತು. ವಿಷಯ, ಕಕ್ಷಿದಾರರ ಮಾತು ಕೇಳುವ ಬಗೆ. ಬೆಳಿಗ್ಗೆ ಅದರ ಆರು ಪುಟ ಟೈಪು ಮಾಡಿದ್ದು ಇದೇ ಟೈಪಮ್ಮ. 'ನಡುವೆ ಬಾಯಿ ಹಾಕಬೇಡಿ' ಎಂಬ ವಾಕ್ಯದ ಕೆಳಗೆ ಗೆರೆ ಎಳೆಯಲು ಹೇಳಿದ್ದು ಇದೇ ವಕೀಲರು.

"ಅವತ್ತು ಬೆಳಿಗ್ಗೆ ಪುಟ್ಟೀನ ಅತ್ತೆ ಮನೇಲಿ ಬಿಟ್ಟು ಬಂದೆ ಸಾರ್," ಎಂದು ಇಸ್ತ್ರಿಯವಳು ಶುರು ಮಾಡಿದಳು. "ದಿನಾ ನಾನು..."

"ಗೊತ್ತಾಯ್ತು. ಬಿಟ್ಟು ಬಂದ್ರಿ. ಯಾವ ತಾರೀಕು?"

ತಾರೀಕು ಹೇಳಿದಳು. ದಿನಾ ಏನು ಎಂಬುದು ಅಲ್ಲೇ ನಿಂತಿತು. ಕಿರುಕುಳ ತಡೆಯದೆ ಮನೆ ಬಿಟ್ಟ ಹೆಂಗಸರ ಫೈಲು ವಕೀಲರ ಬೀರುವಿನಲ್ಲಿ ರಾಶಿ ಇದ್ದವು. ಇವಳನ್ನೂ ಆ ರಾಶಿಗೆ ಸೇರಿಸಿ, ಹೊರಗೆ ಕೂರಿಸಿ, ಕೋರ್ಟಿಗೆ ಕೊಡುವ ಪ್ರಮಾಣಪತ್ರವನ್ನು ಅಡ್ಡಾಡುತ್ತ ಹೇಳಿ ಬರೆಸಿದರು: 'ಗಂಡನ ಮನೆಯವರ ಹಿಂಸೆ ತಾಳಲಾರದೆ ಮಗುವನ್ನು ಅಲ್ಲಿಯೇ ತೊರೆದು ಬಂದಿರುತ್ತೇನೆ.' ಇದನ್ನು ಓದಿದರೆ ನ್ಯಾಯಾಧೀಶರ ಕರುಳು ಚುರುಕ್ ಅನ್ನಬೇಕು ಎಂದು ತಾವೇ ಮೆಚ್ಚಿಕೊಂಡರು.

ಟೈಪಮ್ಮನ ಬೆರಳು ನಿಂತವು. 'ತೊರೆದು' ಅಲ್ಲ, ಆಕೆ ಹೇಳಿದ್ದು ಅದಲ್ಲ. ಒಂದೇ ಮಾತು ಸಾಕಿತ್ತು. "ಯಾಕೆ, ಕರೆಂಟ್ ಹೋಯ್ತಾ?" ಎಂದು ವಕೀಲರು ಕೇಳಿದರು. ಬೆರಳು ಮತ್ತೆ ಓಡಿದವು.

ಕೊನೆಯಲ್ಲಿ, ಓದಿ ಹೇಳಿದ್ದನ್ನು ಅರ್ಥ ಮಾಡಿಕೊಂಡು ಸಹಿ ಹಾಕಿದ್ದೇನೆ ಎಂಬ ಸಾಲು ಎಂದಿನಂತೆ ಇತ್ತು. ಯಾರೂ ಓದಿ ಹೇಳಲಿಲ್ಲ. ನಾನು ಹೇಳಿದ್ದೆಲ್ಲ ಬಂದಿದೆಯಾ ಎಂದು ಇಸ್ತ್ರಿಯವಳು ಟೈಪಮ್ಮನನ್ನೇ ಕೇಳಿದಳು. ಈ ಮಹಾತಾಯಿ ಹೌದೆಂದು ತಲೆಯಾಡಿಸಿದಳು. ಇಸ್ತ್ರಿಯವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ತಿಂಗಳ ಮೇಲೆ ಕೋರ್ಟಿನಲ್ಲಿ ಎದುರು ವಕೀಲ ಆ ಒಂದು ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿದ. ಬೇರೇನೂ ಅವನಿಗೆ ಬೇಕಾಗಲಿಲ್ಲ. ಕೇಸು ಮುಗಿಯುವವರೆಗೆ ಮಗು ತಂದೆಯ ಹತ್ತಿರವೇ ಇರಲಿ, ತಾಯಿ ಭಾನುವಾರ ಎರಡು ತಾಸು ನೋಡಬಹುದು ಎಂದು ಆದೇಶವಾಯಿತು.

ಮರುದಿನ ಇಸ್ತ್ರಿಯವಳು ಆದೇಶದ ನಕಲು ಹಿಡಿದು ಕಚೇರಿಗೆ ಬಂದಳು. ವಕೀಲರು ಅವಳಿಗೆ ಮಾತು ಎಷ್ಟು ಮುಖ್ಯ ಎಂದು ಬುದ್ಧಿ ಹೇಳಿದರು. ಬಿಟ್ಟು ಬಂದೆ ಎಂದು ನೀವೇ ಹೇಳಿದಿರಿ, ನಾನೇನು ಸೃಷ್ಟಿ ಮಾಡಿದೆನೇ ಎಂದರು.

"ಬಿಟ್ಟು ಬಂದೆ ಅಂದಿದ್ದು ನಿಜ ಸಾರ್," ಎಂದಳು ಅವಳು. "ಸಂಜೆ ಕರ್ಕೊಂಡು ಬರೋಕೇ ಅಲ್ವಾ ಬೆಳಿಗ್ಗೆ ಬಿಟ್ಟು ಬರೋದು?"

ವಕೀಲರು ಸಂದಿಯ ಕಡೆ ತಿರುಗಿದರು. "ಟೈಪಮ್ಮ, ನೀವೂ ಇದ್ರಲ್ಲ. ಬಿಟ್ಟು ಬಂದೆ ಅಂದ್ರೋ ಇಲ್ವೋ?"

"ಅಂದ್ರು," ಎಂದಳು ಟೈಪಮ್ಮ. ಸುಳ್ಳಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳಾಡಿದ ಮಾತುಗಳಲ್ಲಿ ಇಷ್ಟು ಹೇಸಿಗೆಯದು ಇನ್ನೊಂದಿರಲಿಲ್ಲ.

ವಕೀಲರು ಕೋಟು ಹಾಕಿಕೊಂಡು ಕೋರ್ಟಿಗೆ ಹೊರಟುಹೋದರು. ಇಸ್ತ್ರಿಯವಳು ಸಂದಿಯ ಹತ್ತಿರ ಬಂದು, ಆದೇಶವನ್ನು ಮೇಜಿನ ಮೇಲಿಟ್ಟು, ಓದಿ ಹೇಳಿ ಎಂದಳು, ಅರ್ಥ ಸಮೇತ. ಟೈಪಮ್ಮ ಓದಿದಳು. 'ತಾಯಿಯೇ ಮಗುವನ್ನು ತೊರೆದಿರುವುದಾಗಿ ಒಪ್ಪಿಕೊಂಡಿರುವುದರಿಂದ' ಎಂಬಲ್ಲಿ ಇಸ್ತ್ರಿಯವಳು ತಡೆದಳು.

"ತೊರೆಯೋದು ಅಂದ್ರೆ?"

"ಬೇಡ ಅಂತ ಬಿಟ್ಟು ಹೋಗೋದು."

ಇಸ್ತ್ರಿಯವಳು ಕಾಗದವನ್ನು ಮೂಲೆಗೆ ಮೂಲೆ ಸೇರಿಸಿ ಮಡಿಚಿದಳು. ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಟೈಪಮ್ಮ ಬದುಕಿಕೊಳ್ಳುತ್ತಿದ್ದಳು.

"ಪುಟ್ಟೀನೂ ನಿನ್ನೆ ಕೋರ್ಟಿಗೆ ಬಂದಿದ್ಲು," ಎಂದಳು. "ಅಜ್ಜಿ ಪಕ್ಕ ಕೂತಿದ್ಲು. ಎದುರು ವಕೀಲ್ರು ಈ ಮಾತು ಓದಿದ ತಕ್ಷಣ ನನ್ನ ಕಡೆ ತಿರುಗಿ ನೋಡಿದ್ಲು. ಶಾಲೇಲಿ ಅವಳೇ ಮುಂದು, ಇಂಥ ಪದ ಎಲ್ಲಾ ಅವಳಿಗೆ ಬರುತ್ತೆ. ನನಗೇನು ಗೊತ್ತು ಅಮ್ಮ, ನಾನು ಅವಳನ್ನ ನೋಡಿ ನಕ್ಕೆ."